ನಗರದ ದಂಗೆ, ಕಮಿಷನರ ಕುರ್ಚಿ

1830ರ ಡಿಸೆಂಬರ್. ಮುಮ್ಮಡಿ ಕೃಷ್ಣರಾಜ ಒಡೆಯರು ದಂಡು ಕಟ್ಟಿಕೊಂಡು ಮೈಸೂರು ಬಿಟ್ಟು ಹೊರಟರು. ಮೊದಲು ಚನ್ನರಾಯಪಟ್ಟಣ, ಅಲ್ಲಿಂದ ಹಾಸನ. ಅದರಾಚೆಗೆ ಕಾಲಿಟ್ಟರೆ ದಂಗೆಯೆದ್ದ ನಾಡು. ತರೀಕೆರೆ ಪಾಳೆಯಗಾರರ ಮನೆತನದ ರಂಗಪ್ಪ ನಾಯಕ ಮೈಸೂರಿನಿಂದ ಕಣ್ತಪ್ಪಿಸಿ ಓಡಿಹೋಗಿ, ಕಾಮನದುರ್ಗ ಮತ್ತು ಕಲ್ದುರ್ಗಗಳನ್ನು ಹಿಡಿದು ಕೂತಿದ್ದ. ಕುಂಸಿ ಕಡೆಯ ಸಾದರಮಲ್ಲ ಕೆಳದಿ ಅರಸರ ಹಳೆಯ ಮುದ್ರೆಗಳನ್ನು ಕೈಗೆ ಮಾಡಿಕೊಂಡು, ಬೂದಿ ಬಸವಪ್ಪ ಎಂಬ ಹೆಸರಿನಲ್ಲಿ, ಅವರ ರಾಜಧಾನಿಯಾಗಿದ್ದ ನಗರ ಎಂಬ ಊರಿನ ಗಾದಿಗೆ ತಾನೇ ವಾರಸುದಾರನೆಂದು ಸಾರಿದ್ದ. ಊರೂರಿನ ರೈತರು ಹೊಲ ಬಿಟ್ಟು ಕೂಟ ಸೇರುತ್ತಿದ್ದರು. ಕಂದಾಯ ಕೇಳಲು ಬಂದವನು ಬಂದ ದಾರಿಯಲ್ಲೇ ವಾಪಸು ಹೋದರೆ ಅದೇ ಅವನ ಪುಣ್ಯ.

ಒಡೆಯರಿಗೆ ಆಗ 36 ವರ್ಷ. ಐದರ ವಯಸ್ಸಿನಲ್ಲಿ ಪಟ್ಟವೇರಿ, ಹದಿನಾರಕ್ಕೆ ಅಧಿಕಾರ ವಹಿಸಿಕೊಂಡವರು. ಈಗ ತಮ್ಮದೇ ಪ್ರಜೆಗಳ ಮೇಲೆ ದಂಡೆತ್ತಿ ಹೊರಟಿದ್ದರು, ಸಂಬಳ ಬಾಕಿ ಉಳಿದ ಸೈನಿಕರನ್ನು ನಂಬಿಕೊಂಡು.

ನಾಡು ಈ ಗತಿಗೆ ಬಂದದ್ದು ಬೊಕ್ಕಸದ ದಾರಿಯಲ್ಲಿ. 1811ರಲ್ಲಿ ದಿವಾನ್ ಪೂರ್ಣಯ್ಯನವರು ಅಧಿಕಾರ ಬಿಟ್ಟುಕೊಟ್ಟಾಗ ಖಜಾನೆಯಲ್ಲಿ ಸುಮಾರು 2 ಕೋಟಿ ರೂಪಾಯಿ ಇತ್ತು. ಇಪ್ಪತ್ತು ವರ್ಷ ತುಂಬುವುದರೊಳಗೆ ಅದು ಕರಗಿ, ಅರಮನೆ ಸಾಹುಕಾರರ ಸಾಲಕ್ಕೆ ಕೈಯೊಡ್ಡಿತ್ತು. ದಾನ, ಇನಾಮು, ವೈಭವ ಎಂದು ದೊರೆಯನ್ನು ದೂರುವವರು ಬಹಳ. ಆ ದೂರಿನಲ್ಲಿ ನಿಜವಿದೆ, ಆದರೆ ಅದು ಅರ್ಧ ನಿಜ. ಈಸ್ಟ್ ಇಂಡಿಯಾ ಕಂಪನಿ ಸರಕಾರಕ್ಕೆ ಪ್ರತಿವರ್ಷ 7 ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಕಪ್ಪ ಕಟ್ಟಲೇಬೇಕಿತ್ತು. ಮಳೆ ಬರಲಿ ಬಿಡಲಿ, ಆ ಕಂತು ತಪ್ಪುವಂತಿರಲಿಲ್ಲ. ಅದರ ಮೇಲೆ 1820ರ ದಶಕದ ನಡುವಿನಿಂದ ದಕ್ಷಿಣದಲ್ಲೆಲ್ಲ ಧಾನ್ಯದ ಬೆಲೆ ಕುಸಿಯುತ್ತ ಹೋಯಿತು. ರೈತನ ಕಣಜದಲ್ಲಿ ಕಾಳಿತ್ತು, ಕೈಯಲ್ಲಿ ಕಾಸಿರಲಿಲ್ಲ.

ಆ ಹೊತ್ತಿಗೆ ಬಂದದ್ದು ಶರ್ತು ಪದ್ಧತಿ. ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಕಡಿಮೆಯಾದರೆ ಅವನೇ ತುಂಬಿಕೊಡಬೇಕು. ಅಂಥವನು ಊರೊಳಗೆ ಕಾಲಿಟ್ಟರೆ ಏನು ನಡೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ ಕಂಪನಿ ಕೂರಿಸಿದ ಕಮಿಷನರ ಆಳ್ವಿಕೆಯಲ್ಲಿ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳೇ 769. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ಚೌಲಕ್ಕೂ ತೆರಿಗೆ. ಯಾವುದೋ ಕಾಲದಲ್ಲಿ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಹಿರೀಕರು ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತಲೆಮಾರುಗಳಿಂದ ದಂಡ ಕಟ್ಟುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಂತೂ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನು ದುಡ್ಡು ತೆರಬೇಕಿತ್ತು! ಇವೆಲ್ಲ ಇಂಗ್ಲಿಷರ ವರದಿಗಳಲ್ಲಿ ಬರುವ ಮಾತು. ತಮ್ಮ ಆಡಳಿತವನ್ನು ಹೊಗಳಿಕೊಳ್ಳುವ ಆಸೆ ಅವರಿಗಿತ್ತು ಎಂದುಕೊಂಡರೂ, ಇಂಥ ವಿವರಗಳನ್ನು ಯಾರೂ ಕೂತು ಕಟ್ಟಲಾರರು.

1831ರ ಆರಂಭದ ತಿಂಗಳುಗಳಲ್ಲಿ ಮೈಸೂರು ದಂಡಿನೊಂದಿಗೆ ಲೆಫ್ಟಿನೆಂಟ್ ರಾಚ್‌ಫರ್ಟ್ ಮಲೆನಾಡಿಗೆ ನುಗ್ಗಿದ. ಒಂದು ದುರ್ಗ ಬಿದ್ದರೆ ಎದುರಾಳಿಗಳು ಇನ್ನೊಂದು ಕಣಿವೆಯಲ್ಲಿ ಏಳುತ್ತಿದ್ದರು. ಕಾಡು ಅವರದು, ಕಾಲುದಾರಿ ಅವರದು, ಅನ್ನ ಕೊಡುವ ಮನೆಗಳೂ ಅವರವೇ. ಕಾಮನದುರ್ಗ, ಕಲ್ದುರ್ಗಗಳು ಕೈವಶವಾದವು. ಆದರೂ ಬೆಂಕಿ ಆರಲಿಲ್ಲ. ಕೊನೆಗೆ ಕಂಪನಿಯ ಪಡೆಯೇ ಕರ್ನಲ್ ಇವಾನ್ಸನ ನೇತೃತ್ವದಲ್ಲಿ ಇಳಿಯಿತು. ಮುಂಗಾರು ಹಿಡಿಯುವ ದಿನಗಳಲ್ಲಿ, ಜೂನ್ 12ರಂದು, ಕೆಳದಿ ಅರಸರ ಹಳೆಯ ರಾಜಧಾನಿ ನಗರ ಬಿತ್ತು.

ಗೆಲುವೇನೋ ಒಡೆಯರ ಹೆಸರಿನಲ್ಲೇ ಆಯಿತು. ಆದರೆ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಬೆಂಟಿಂಕ್ ಬರೆದ ಕಾಗದ ಆ ಗೆಲುವನ್ನು ಕಸಿದುಕೊಂಡಿತು. ರಾಜ್ಯದ ಆಡಳಿತವನ್ನು ಕಂಪನಿಗೆ ಒಪ್ಪಿಸಬೇಕು ಎಂಬ ಆಜ್ಞೆ. ಅದಕ್ಕೆ ಆಧಾರ, ಕಪ್ಪಕ್ಕೆ ಧಕ್ಕೆಯಾದೀತೆಂಬ ಭಯವಿದ್ದರೆ ಕಂಪನಿ ಕೈಹಾಕಬಹುದೆಂದಿದ್ದ 1799ರ ಒಪ್ಪಂದದ ಒಂದು ಕಲಮು. ಅಕ್ಟೋಬರ್ 19ರಂದು ಒಡೆಯರು ಕತ್ತಿ ಎತ್ತದೆ ಅಧಿಕಾರ ಬಿಟ್ಟುಕೊಟ್ಟರು.

ಈ ಬೆಂಟಿಂಕನೂ ಹಣದ ಮುಗ್ಗಟ್ಟಿನ ಕೂಸೇ. 1824–26ರ ಬರ್ಮಾ ಯುದ್ಧ ಕಂಪನಿಯ ಬೊಕ್ಕಸವನ್ನು ಬಸಿದುಹಾಕಿತ್ತು. ಖರ್ಚು ಇಳಿಸಲೆಂದೇ ಅವನನ್ನು ಕಳಿಸಿದ್ದರು. ಅದಕ್ಕೂ ನೂರು ವರ್ಷ ಹಿಂದೆ, 1720ರಲ್ಲಿ, ಲಂಡನ್ನಿನಲ್ಲಿ ಸೌತ್ ಸೀ ಕಂಪನಿಯ ಷೇರು ಮುಗಿಲಿಗೇರಿ ನೆಲಕ್ಕಪ್ಪಳಿಸಿದಾಗ, ಆ ಗದ್ದಲದಲ್ಲಿ ಖಜಾನೆಯ ಹೊಣೆ ಹೊತ್ತು ನಿಂತ ರಾಬರ್ಟ್ ವಾಲ್ಪೋಲ್ ಮುಂದೆ ಆ ದೇಶದ ಮೊದಲ ಪ್ರಧಾನಿ ಎನಿಸಿಕೊಂಡ. ಅಲ್ಲಿ ಹಣದ ಬಿಕ್ಕಟ್ಟು ಪಾರ್ಲಿಮೆಂಟಿಗೆ ಉತ್ತರ ಹೇಳಬೇಕಾದ ಒಬ್ಬ ನಾಯಕನನ್ನು ಹುಟ್ಟಿಸಿತು. ಇಲ್ಲಿ ಅಂಥದ್ದೇ ಬಿಕ್ಕಟ್ಟು, ಮೈಸೂರಿನ ಒಬ್ಬ ರೈತನಿಗೂ ಉತ್ತರ ಹೇಳಬೇಕಿಲ್ಲದ ಕಮಿಷನರನನ್ನು ತಂದು ಕೂರಿಸಿತು. ಅದೇ 1830–31ರಲ್ಲಿ ಕಂಪನಿಯ ಸ್ವಂತ ಜಿಲ್ಲೆಯಾದ ಕೆನರಾದಲ್ಲೂ ಕಂದಾಯದ ಭಾರಕ್ಕೆ ರೈತರು ಕೂಟ ಕಟ್ಟಿದ್ದರು. ಅದಕ್ಕಾಗಿ ಕಂಪನಿಯನ್ನು ಗಾದಿಯಿಂದ ಇಳಿಸಿದವರು ಯಾರೂ ಇಲ್ಲ. ಈ ಅನ್ಯಾಯ ಇವತ್ತು ಓದಿದರೂ ಹೊಟ್ಟೆಯಲ್ಲಿ ಕಿಚ್ಚೇಳುತ್ತದೆ.

ನಾವು ಬೆಂಗಳೂರಿನ ಶ್ರೀನಗರದವರು ಹನುಮಂತನಗರ ದಾಟಿ, ಚಾಮರಾಜಪೇಟೆ ಹಾದು ಕೆ.ಆರ್. ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಇಳಿಯುತ್ತೇವಲ್ಲ, ಕಮಿಷನರನ ಆ ಕುರ್ಚಿ ಇದ್ದದ್ದು ಅಲ್ಲೇ ಪಕ್ಕದಲ್ಲಿ. ಕಮಿಷನರ ಕಚೇರಿ ಮೈಸೂರಿನಿಂದ ಬೆಂಗಳೂರಿಗೆ ಬಂದು, ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ 1868ರವರೆಗೂ ನಡೆಯಿತು. ಆಮೇಲೆ ಅಠಾರಾ ಕಚೇರಿ ಎಂಬ ಕಟ್ಟಡಕ್ಕೆ ಹೋಯಿತು. ಟಿಪ್ಪುವಿನ ಅರಮನೆಯ ಒಳಗೆ ಹೋಗಿ ನೋಡಿ. ತೇಗದ ಕಂಬಗಳ ಸಾಲು, ಕಡಿದಾದ ಕಿರಿ ಮೆಟ್ಟಿಲು, ಮೇಲಂತಸ್ತಿನಲ್ಲಿ ಬಾಲ್ಕನಿ. ಮೈಸೂರು ಸೀಮೆಯ ಲೆಕ್ಕವೆಲ್ಲ ಮೂವತ್ತಾರು ವರ್ಷಗಳಷ್ಟು ಕಾಲ ಹರಿದು ಬಂದದ್ದು ಆ ಕಂಬಗಳ ನಡುವಿಗೆ.

ಮೊದಲು ಇಬ್ಬರು ಕಮಿಷನರು, ಬ್ರಿಗ್ಸ್ ಮತ್ತು ಲಷಿಂಗ್ಟನ್. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಕೊನೆಗೆ ಒಬ್ಬನ ಕೈಗೇ ಎಲ್ಲ ಅಧಿಕಾರ ಕೊಡುವುದೆಂದಾಯಿತು. 1834ರಲ್ಲಿ ಕೂತ ಮಾರ್ಕ್ ಕಬ್ಬನ್ 1861ರವರೆಗೆ ಏಳಲಿಲ್ಲ. ದಂಗೆಯ ಕಾರಣ ಹುಡುಕಲು ನೇಮಿಸಿದ ಸಮಿತಿಯ ನಾಲ್ವರಲ್ಲಿ ಅವನೂ ಒಬ್ಬ. ಒಳ್ಳೆಯ ಆಡಳಿತಗಾರ, ಅದರಲ್ಲಿ ಎರಡು ಮಾತಿಲ್ಲ. ಅವನ ಕಾಲದಲ್ಲಿ ಹುಟ್ಟುವಳಿ 44 ಲಕ್ಷದಿಂದ 82 ಲಕ್ಷಕ್ಕೇರಿತು. ಊರಿಗೆ ಮರಳುವ ಹಡಗಿನ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ.

ಆದರೆ ಈ ಕಥೆಯಲ್ಲಿ ನನ್ನನ್ನು ಕಟ್ಟಿ ನಿಲ್ಲಿಸುವವರು ಒಡೆಯರೇ. ಒಪ್ಪಂದದ ಕಂತಿಗೆ ಆ ಹೊತ್ತಿನಲ್ಲಿ ಅಪಾಯವೇನೂ ಇದ್ದಂತಿರಲಿಲ್ಲವೆಂದು 1834ರಲ್ಲಿ ಬೆಂಟಿಂಕನೇ ಒಪ್ಪಿಕೊಂಡಿದ್ದ. ಒಡೆಯರು ಆ ಎಳೆಯನ್ನು ಹಿಡಿದು ಬಿಡಲಿಲ್ಲ. ಅರ್ಜಿಯ ಮೇಲೆ ಅರ್ಜಿ ಬರೆದರು. ಗವರ್ನರ್ ಜನರಲ್‌ಗಳು ಬಂದರು, ಹೋದರು. ಡಾಲ್‌ಹೌಸಿಯ ಕಾಲದಲ್ಲಿ ಸತಾರಾ, ಝಾನ್ಸಿ, ನಾಗಪುರಗಳು ದತ್ತುಮಗನಿಗೆ ಗಾದಿಯ ಹಕ್ಕಿಲ್ಲವೆಂಬ ನೆಪದಲ್ಲಿ ಮುಳುಗಿದವು. ಮೈಸೂರಿನ ಸರದಿಗೆ ಉಳಿದಿದ್ದದ್ದು ಈ ಮುದುಕರ ಉಸಿರೊಂದೇ. ಅವರು ಆ ಉಸಿರನ್ನು ಹಿಡಿದು ನಿಂತರು. 1865ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಎಳೆಯ ಮಗು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಲಂಡನ್ ಮಣಿದು ದತ್ತನ್ನು ಒಪ್ಪಿತು. ಮರುವರ್ಷದ ಮಾರ್ಚ್ 27ರಂದು ಒಡೆಯರು ಕಣ್ಮುಚ್ಚಿದರು. ಒಂದೇ ಒಂದು ವರ್ಷ ಮುಂಚೆ ಹೋಗಿದ್ದರೆ ಮೈಸೂರು ಎಂಬ ಸಂಸ್ಥಾನ ಉಳಿಯುತ್ತಿತ್ತೋ ಇಲ್ಲವೋ!

ಮುಂದೆ 1876–78ರ ಮಹಾಕ್ಷಾಮ ಬಂತು. ಸೀಮೆಯ ಐದರಲ್ಲೊಂದು ಪಾಲು ಜನ ಇಲ್ಲವಾದರು, ಕಮಿಷನರ ಆಡಳಿತವೇ 80 ಲಕ್ಷ ಸಾಲ ಹೊತ್ತಿತು. ಆ ಸಾಲದ ಸಮೇತ 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರರ ಕೈಗೆ ಮರಳಿತು, ಕಪ್ಪವನ್ನು 35 ಲಕ್ಷಕ್ಕೇರಿಸುವ ಶರತ್ತಿನೊಂದಿಗೆ. ದಿವಾನ್ ರಂಗಾಚಾರ್ಲು ಅವರ ಕೈಯಲ್ಲಿದ್ದದ್ದು ಮತ್ತೆ ಬರಿದಾದ ಬೊಕ್ಕಸ. ಈ ಬಾರಿ ಅವರು ಮಾಡಿದ್ದೇ ಬೇರೆ. ಅದೇ ವರ್ಷ ಅಕ್ಟೋಬರ್ 7ರಂದು, ತಾಲ್ಲೂಕು ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಸೇರಿ 144 ಮಂದಿಯನ್ನು ಮೈಸೂರಿನಲ್ಲಿ ಕೂರಿಸಿ, ಸರಕಾರದ ಆದಾಯ ಎಷ್ಟು, ಖರ್ಚು ಎಷ್ಟು ಎಂದು ಎದ್ದು ನಿಂತು ಓದಿ ಹೇಳಿದರು.