ಮೊದಲು ಕುದುರೆ ಮೂಸಲಿ
ಕುದುರೆಗೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಉಸಿರೆಲ್ಲ ಮೂಗಿನಲ್ಲೇ. ಹಾಗಿರುವಾಗ ಲಾಯದಲ್ಲಿ ಸುಗಂಧ ತೈಲದ ಡಿಫ್ಯೂಸರ್ ಹಚ್ಚಿ ಬಾಗಿಲು ಹಾಕಿದರೆ ಪಾಪ, ಅದು ಎಲ್ಲಿಗೆ ಹೋಗಬೇಕು? ನೆನೆದರೇ ಸಂಕಟವಾಗುತ್ತದೆ.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರ 2018ರ ಅಧ್ಯಯನದಲ್ಲಿ, ಲ್ಯಾವೆಂಡರ್ ಮೂಸಿದ ಕುದುರೆಗಳ ಎದೆಬಡಿತದ ಲಯದಲ್ಲಿ ನೆಮ್ಮದಿ ಕಂಡಿತು. ಆದರೆ ಮೂಸುತ್ತಿದ್ದಷ್ಟು ಹೊತ್ತು ಮಾತ್ರ. ಲಾಳ ಕಟ್ಟುವಾಗ ಬೆದರುವ ಜೀವಕ್ಕೆ ಅಷ್ಟು ಸಿಕ್ಕರೂ ದೊಡ್ಡದೇ.

ಅಪ್ಪಟ ತೈಲವನ್ನು ಮೈಗೆ ಹಚ್ಚಬೇಡಿ. ಸೀಸೆಯ ಮುಚ್ಚಳ ತೆಗೆದು ಒಂದು ಮೊಳ ದೂರದಲ್ಲಿ ಹಿಡಿಯಿರಿ. ಬೇಕಿದ್ದರೆ ಅದೇ ಕತ್ತು ಚಾಚುತ್ತದೆ, ಹೊಳ್ಳೆ ಅರಳಿಸಿ ಮೂಸುತ್ತದೆ. ಕೆಲವೊಮ್ಮೆ ಮೇಲ್ತುಟಿ ಮಡಚಿ ತಲೆಯೆತ್ತಿ ನಿಲ್ಲುತ್ತದೆ, ಆ ವಾಸನೆಯನ್ನು ಇನ್ನೂ ಒಳಗೆಳೆದು ಅರಿಯಲು. ಮುಖ ತಿರುಗಿಸಿತೋ, ಮುಚ್ಚಳ ಹಾಕಿಬಿಡಿ.