ಮೌನವೆಂಬ ವಿಶ್ರಾಂತಿ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಲೋಕವ್ಯವಹಾರಕ್ಕೆ ಈ ಗಾದೆ ಸಾಲುತ್ತದೆ. ಆದರೆ ನಮ್ಮ ಆಚಾರ್ಯರು ಮೌನವನ್ನು ಬೆಲೆ ಕಟ್ಟುವ ವಸ್ತುವಾಗಿ ಕಂಡವರಲ್ಲ. ಅವರ ದೃಷ್ಟಿಯಲ್ಲಿ ಅದು ತೆರೆದ ಬಾಗಿಲೊಂದನ್ನು ಮುಚ್ಚುವ ಕ್ರಿಯೆ. ಮನಸ್ಸು, ಮಾತು, ಕಾಯಗಳ ಚಲನೆಯೇ ಯೋಗವೆಂದೂ ಆ ಯೋಗವೇ ಕರ್ಮದ ಆಸ್ರವಕ್ಕೆ ದ್ವಾರವೆಂದೂ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಆರಂಭದಲ್ಲಿಯೇ ತಿಳಿಸಿದ್ದಾರೆ. ಒಂಬತ್ತನೆಯ ಅಧ್ಯಾಯದಲ್ಲಿ ಆ ಆಸ್ರವವನ್ನು ತಡೆಯುವ ಸಂವರದ ಸಾಧನಗಳನ್ನು ಹೇಳುವಾಗ ಗುಪ್ತಿಗೆ ಮೊದಲ ಸ್ಥಾನವನ್ನು ಕೊಟ್ಟಿದ್ದಾರೆ. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎಂಬ ಈ ಮೂರರಲ್ಲಿ ನಡುವಿನದಾದ ವಚನಗುಪ್ತಿಯನ್ನು ಕುರಿತು, ಗೃಹಸ್ಥನ ಬಾಳಿನಲ್ಲಿ ಅದರ ಸ್ಥಾನವೇನೆಂಬುದನ್ನು ಕುರಿತು, ಅನುಭವಕ್ಕೆ ಬಂದ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಕಾಲದಲ್ಲಿ ಮೌನವೆಲ್ಲಿ ಸಾಧ್ಯ ಎಂಬ ಪ್ರಶ್ನೆಯನ್ನು ಅನೇಕ ಧರ್ಮಬಂಧುಗಳು ಕೇಳುತ್ತಾರೆ. ಬೀದಿಯಲ್ಲಿ ವಾಹನಗಳ ಸದ್ದು, ಮನೆಯಲ್ಲಿ ದೂರದರ್ಶನದ ಸದ್ದು, ಕೈಯಲ್ಲಿ ಮೊಬೈಲು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈಯಲ್ಲಿ. ಅಲ್ಲಿಂದೀಚೆಗೆ ಒಂದೇ ತಲೆಮಾರಿನಲ್ಲಿ ಅದು ಅಡಿಗೆಮನೆಯನ್ನೂ ಮಲಗುವ ಕೋಣೆಯನ್ನೂ ದಾಟಿ ಬಸದಿಯ ಪ್ರಾಂಗಣವನ್ನೂ ಹೊಕ್ಕಿದೆ. ಹೀಗಿರುವಾಗ ಮೌನವು ಕಾಡಿಗೆ ಹೋದ ಮುನಿಗಳಿಗೆ ಮಾತ್ರವೇ ಸಲ್ಲತಕ್ಕದ್ದೆಂದು ಗೃಹಸ್ಥರು ತೀರ್ಮಾನಿಸಿಬಿಡುವುದು ಸಹಜ. ಆದರೆ ಈ ತೀರ್ಮಾನದಲ್ಲಿ ನಿಶ್ಶಬ್ದಕ್ಕೂ ಮೌನಕ್ಕೂ ಇರುವ ಭೇದ ಮರೆತುಹೋಗಿದೆ. ನಿಶ್ಶಬ್ದವು ಹೊರಗಿನ ಸ್ಥಿತಿ; ಅದು ನಮ್ಮ ಕೈಯಲ್ಲಿಲ್ಲ. ಮೌನವು ನಾವು ಕೈಗೊಳ್ಳುವ ವ್ರತ. ಅದು ಪೂರ್ಣವಾಗಿ ನಮ್ಮದು.

ನಮ್ಮ ಹಿರಿಯರ ಕಾಲದಲ್ಲಿಯೂ ನಿಶ್ಶಬ್ದವೇನೂ ಇರಲಿಲ್ಲ. ಕಾರ್ಕಳದ ಸೀಮೆಯ ನಮ್ಮ ಹಳೆಯ ಮನೆಯಲ್ಲಿ ತಂದೆಯವರು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ, ಸಂಧ್ಯಾಕಾಲದಲ್ಲಿ ದೇವರ ಕೋಣೆಯ ಪಕ್ಕದಲ್ಲಿ ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಹಟ್ಟಿಯಲ್ಲಿ ಕರು ಕೂಗುತ್ತಿತ್ತು. ಅಂಗಳದಲ್ಲಿ ಅಡಿಕೆ ಸುಲಿಯುವವರು ಊರ ಸುದ್ದಿಯನ್ನೆಲ್ಲ ಆಡಿಕೊಳ್ಳುತ್ತಿದ್ದರು. ಆಷಾಢ ಬಂತೆಂದರೆ ಹಂಚಿನ ಮಾಡಿನ ಮೇಲೆ ಸುರಿಯುವ ಮಳೆಗೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುತ್ತಿರಲಿಲ್ಲ. ತಂದೆಯವರು ಯಾರನ್ನೂ ಸುಮ್ಮನಿರಿ ಎಂದವರಲ್ಲ. ಅವರನ್ನು ಕಾಣಲು ಬಂದವರು ಜಗಲಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಎಷ್ಟೇ ಅವಸರದ ಕೆಲಸವಾದರೂ ಒಂದು ಮುಹೂರ್ತ ಕಾಯಬಲ್ಲುದೆಂಬ ಒಪ್ಪಂದ ಊರಿಗೂ ಅವರಿಗೂ ಇದ್ದಂತಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಾಮಾಯಿಕಕ್ಕೆ ತಕ್ಕ ಸ್ಥಳಗಳನ್ನು ಹೇಳುವಾಗ ವನ ಮತ್ತು ಚೈತ್ಯಾಲಯಗಳೊಡನೆ ಮನೆಯನ್ನೂ ಹೇಳಿದ್ದಾರೆ. ವಿಕ್ಷೇಪವಿಲ್ಲದ ಏಕಾಂತವಿರಬೇಕು, ಮನಸ್ಸು ಪ್ರಸನ್ನವಾಗಿರಬೇಕು. ಅಷ್ಟಾದರೆ ಮನೆಯೂ ಸಾಲುತ್ತದೆ.

ತೀರ್ಥಂಕರರ ಚರಿತ್ರೆಯನ್ನು ನೆನೆದರೆ ಮೌನದ ಇನ್ನೊಂದು ಮುಖ ಕಾಣುತ್ತದೆ. ವರ್ಧಮಾನ ಸ್ವಾಮಿಯು ದೀಕ್ಷೆಯನ್ನು ಸ್ವೀಕರಿಸಿದ ಮೇಲೆ ಕೇವಲಜ್ಞಾನದವರೆಗಿನ 12 ವರ್ಷಗಳಿಗೂ ಮಿಕ್ಕ ಕಾಲವನ್ನು ಮೌನದಲ್ಲಿ ಕಳೆದನು. ಕೇವಲಜ್ಞಾನವಾದ ಬಳಿಕವೂ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲವೆಂದು ನಮ್ಮ ದಿಗಂಬರ ಪರಂಪರೆ ಹೇಳುತ್ತದೆ. ರಾಜಗೃಹದ ವಿಪುಲಾಚಲದಲ್ಲಿ ಇಂದ್ರಭೂತಿ ಗೌತಮರು ಸಮವಸರಣಕ್ಕೆ ಬಂದು ಶಿಷ್ಯತ್ವವನ್ನು ಸ್ವೀಕರಿಸಿದಾಗ, ಗ್ರಹಿಸಬಲ್ಲ ಪಾತ್ರವೊಂದು ಎದುರಿಗೆ ಬಂದಾಗ, ಆ ಧ್ವನಿ ಹೊರಟಿತು. ಎಲ್ಲವನ್ನೂ ಅರಿತ ಭಗವಂತನ ದಿವ್ಯಧ್ವನಿಯೂ ಕಾಲಕ್ಕಾಗಿ, ಕೇಳುವವನ ಯೋಗ್ಯತೆಗಾಗಿ ಕಾದಿತು. ಅಲ್ಪಜ್ಞರಾದ ನಾವಾದರೋ ಸಂದೇಶ ಬಂದ ನಿಮಿಷದಲ್ಲಿಯೇ ಉತ್ತರಿಸದಿದ್ದರೆ ಅಪರಾಧವೆಂದು ಭಾವಿಸುತ್ತೇವೆ.

ಈಚಿನ ದಿನಗಳಲ್ಲಿ ಒಂದು ಸೂಕ್ಷ್ಮ ಪ್ರಶ್ನೆ ಹುಟ್ಟಿಕೊಂಡಿದೆ. ಪರ್ವದಿನಗಳಲ್ಲಿ ಮೌನವ್ರತವನ್ನು ಹಿಡಿದವರು ಬಾಯಿ ತೆರೆಯದೆ, ಬೆರಳಿನಿಂದ ಮೊಬೈಲಿನಲ್ಲಿ ಬರೆದು ಉತ್ತರಿಸುವುದುಂಟು. ಇದರಿಂದ ವ್ರತಭಂಗವಾಗುತ್ತದೆಯೇ? ನಾಲಗೆ ಆಡಲಿಲ್ಲವಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ನಿತ್ಯವೂ ಕೈಯಲ್ಲಿ ಹಿಡಿಯುವ ಜಪಮಾಲೆಯಲ್ಲಿ.

ಮಾಲೆಯಲ್ಲಿ 108 ಮಣಿಗಳೇಕೆ ಎಂಬುದಕ್ಕೆ ಹಿರಿಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಎಂಟನೆಯ ಸೂತ್ರವನ್ನು ತೋರಿಸುತ್ತಾರೆ. ಯಾವುದೇ ಕಾರ್ಯಕ್ಕೆ ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು. ಮಾಡಬೇಕೆಂಬ ಸಂಕಲ್ಪವು ಸಂರಂಭ; ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವುದು ಸಮಾರಂಭ; ಕಾರ್ಯಕ್ಕೆ ತೊಡಗುವುದು ಆರಂಭ. ಇವು ಮನಸ್ಸು, ಮಾತು, ಕಾಯಗಳೆಂಬ ಮೂರು ಯೋಗಗಳಿಂದ ನಡೆಯುತ್ತವೆ. ತಾನೇ ಮಾಡುವುದು, ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಎಂದು ಮತ್ತೆ ಮೂರು ಬಗೆ. ಇವೆಲ್ಲದರ ಹಿಂದೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ಇವುಗಳಲ್ಲಿ ಮಾತಿಗೆ ಸಂಬಂಧಪಟ್ಟವೇ 36. ಆದುದರಿಂದ ಮಾಲೆಯ ಮೂರರಲ್ಲಿ ಒಂದು ಪಾಲು ಮಾತಿನ ಶುದ್ಧಿಗೆ ಮೀಸಲೆಂದು ಭಾವಿಸಬಹುದು.

ಈ ಲೆಕ್ಕವನ್ನು ಮೊಬೈಲಿಗೆ ಅನ್ವಯಿಸಿ ನೋಡಬೇಕು. ಉತ್ತರ ಕೊಡಬೇಕೆಂದು ಒಳಗೆ ವಾಕ್ಯ ಕಟ್ಟುವುದು ಸಂರಂಭ. ಅದಕ್ಕಾಗಿ ಕೈ ಮೊಬೈಲಿನ ಕಡೆಗೆ ಚಾಚುವುದು ಸಮಾರಂಭ. ಬರೆಯತೊಡಗುವುದು ಆರಂಭ. ಇಲ್ಲಿ ನಾಲಗೆಯ ಕೆಲಸವನ್ನು ಬೆರಳು ಮಾಡಿತಲ್ಲದೆ ಕೆಲಸವೇನೂ ನಿಲ್ಲಲಿಲ್ಲ. ಮತ್ತೊಬ್ಬರು ಬರೆದುದನ್ನು ಮುಂದಕ್ಕೆ ಕಳುಹಿಸಿದರೆ ಅದು ಅನುಮೋದನೆ. ನೀವೂ ಎಲ್ಲರಿಗೆ ಕಳುಹಿಸಿರಿ ಎಂದರೆ ಮಾಡಿಸಿದಂತಾಯಿತು. 2018ರ ಜುಲೈಯಲ್ಲಿ ನಮ್ಮ ರಾಜ್ಯದ ಬೀದರ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಹಬ್ಬಿ, ನಿರಪರಾಧಿಯಾದ ತರುಣನೊಬ್ಬನು ಜನರ ಗುಂಪಿನಿಂದ ಹತನಾದನು. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಎಷ್ಟೋ ಮಂದಿ ಆ ಸ್ಥಳದ ಹತ್ತಿರವೂ ಇರಲಿಲ್ಲ, ಬಾಯಿಂದ ಒಂದು ಮಾತನ್ನೂ ಆಡಿರಲಿಲ್ಲ. ಆದರೂ ಹಿಂಸೆಯಲ್ಲಿ ಅವರಿಗೆ ಪಾಲಿಲ್ಲವೆಂದು ಕೃತ, ಕಾರಿತ, ಅನುಮೋದನೆಗಳನ್ನು ಬಲ್ಲ ಶ್ರಾವಕನು ಹೇಳಲಾರನು.

ಕೆಲವು ವರ್ಷಗಳ ಹಿಂದಿನ ಅನಂತ ಚತುರ್ದಶಿಯಂದು ಈ ವಿಚಾರ ನನಗೆ ಗ್ರಂಥದಿಂದ ಇಳಿದು ಅನುಭವಕ್ಕೆ ಬಂದಿತು. ಅಂದು ಉಪವಾಸದೊಡನೆ ಮೌನವನ್ನೂ ಸ್ವೀಕರಿಸಿ ಮೊಬೈಲನ್ನು ಕಪಾಟಿನಲ್ಲಿಟ್ಟಿದ್ದೆನು. ಮಧ್ಯಾಹ್ನದ ಹೊತ್ತಿಗೆ ತಂಗಿಯ ಮಗನು ಬಂದು, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನನ್ನ ತಮ್ಮನು ಬರೆದುದನ್ನು ಓದಿ ಹೇಳಿದನು. ನಮ್ಮ ಹಿರಿಯರ ತೋಟದ ಲೆಕ್ಕವನ್ನು ಅನೇಕ ವರ್ಷಗಳಿಂದ ನೋಡಿಕೊಂಡು ಬಂದವನು ನಾನು. ಆ ಲೆಕ್ಕವನ್ನು ನಾನು ಮರೆಮಾಚಿದ್ದೇನೆಂದು ಅವನು ನಲವತ್ತು ಮಂದಿ ಬಂಧುಗಳ ಎದುರಿಗೆ ಬರೆದಿದ್ದನು. ಮೌನವಿಲ್ಲದಿದ್ದರೆ ಐದು ನಿಮಿಷದೊಳಗೆ ಉತ್ತರ ಹೋಗುತ್ತಿತ್ತು. ಮೌನವಿದ್ದುದರಿಂದ ಆ ಉತ್ತರವನ್ನು ಒಳಗೇ ನೋಡುತ್ತ ಕುಳಿತುಕೊಳ್ಳಬೇಕಾಯಿತು.

ಮೊದಲ ವಾಕ್ಯ ತಾನಾಗಿಯೇ ಸಿದ್ಧವಾಯಿತು, ಅದರಲ್ಲಿ ಕ್ರೋಧವಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ಕಳಚಿ ಇನ್ನೊಂದು ಬಂದಿತು. ಅದರಲ್ಲಿ ನಾನು ಮಾಡಿದ ಉಪಕಾರಗಳ ಪಟ್ಟಿಯಿತ್ತು, ಅಂದರೆ ಮಾನ. ಸಂಜೆಯ ಸಾಮಾಯಿಕದ ಹೊತ್ತಿಗೆ ಆ ಪಟ್ಟಿಯೂ ದಣಿದುಹೋಯಿತು. ಉಳಿದದ್ದು ಒಂದೇ ಸಂಗತಿ: ತಮ್ಮನಿಗೆ ಲೆಕ್ಕದ ಪುಸ್ತಕ ಕಾಣಬೇಕಾಗಿದೆ. ಎರಡು ದಿನ ಕಳೆದು ಕ್ಷಮಾವಣಿ ಬಂದಿತು. ಗುಂಪಿನಲ್ಲಿ ಎಲ್ಲರೂ ಅಚ್ಚು ಹಾಕಿದ ಕ್ಷಮಾಪನೆಯ ಚಿತ್ರಗಳನ್ನು ಕಳುಹಿಸುತ್ತಿದ್ದರು. ನಾನು ಅಲ್ಲಿ ಏನನ್ನೂ ಬರೆಯದೆ ತಮ್ಮನಿಗೆ ಕರೆ ಮಾಡಿ, ಕ್ಷಮೆಯ ಮಾತನ್ನಾಡಿ, ಮನೆಗೆ ಬಂದು ಪುಸ್ತಕಗಳನ್ನು ನೋಡಬೇಕೆಂದು ಕೇಳಿಕೊಂಡೆನು. ದೀಪಾವಳಿಗೆ ಬಂದವನು ಎರಡು ದಿನ ಕುಳಿತು ನೋಡಿದನು. ತಾಯಿಯವರ ಚಿಕಿತ್ಸೆಯ ವರ್ಷದ ಒಂದು ದೊಡ್ಡ ಖರ್ಚು ಅವನಿಗೆ ತಿಳಿದೇ ಇರಲಿಲ್ಲ. ತೋಟದ ಪಾಲಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲ; ಅಭಿಪ್ರಾಯಭೇದ ಉಳಿದೇ ಇದೆ. ಆದರೆ ಅಣ್ಣ ತಮ್ಮಂದಿರ ನಡುವೆ ಮಾತು ಉಳಿದಿದೆ. ಅಂದು ಆಡದ ಮಾತಿನಿಂದಾಗಿ ಇಂದು ಆಡುವ ಮಾತು ಉಳಿಯಿತೆಂದು ನಾನು ನಂಬಿದ್ದೇನೆ.

ಹಾಗೆಂದು ಸುಮ್ಮನಿರುವುದೆಲ್ಲ ಗುಪ್ತಿಯಾಗದು. ಮಾತಿಗೆ ನಾಲ್ಕು ಕಷಾಯಗಳು ಹೇಗೋ ಮೌನಕ್ಕೂ ಹಾಗೆಯೇ. ಮುನಿಸಿಕೊಂಡು ಮಾತು ಬಿಡುವುದು ಕ್ರೋಧದ ಮೌನ. ಉತ್ತರಿಸುವುದು ನನ್ನ ಘನತೆಗೆ ಕಡಿಮೆಯೆನ್ನುವುದು ಮಾನದ ಮೌನ. ತಿಳಿದಿದ್ದೂ ತಿಳಿಯದವನಂತಿರುವುದು ಮಾಯೆಯ ಮೌನ. ಬಾಯಿಬಿಟ್ಟರೆ ನಷ್ಟವಾದೀತೆಂದು ತಡೆದುಕೊಳ್ಳುವುದು ಲೋಭದ ಮೌನ. ನಮ್ಮ ಮನೆಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಈ ನಾಲ್ಕೂ ಧಾರಾಳವಾಗಿವೆ. ಇವುಗಳಿಂದ ಆತ್ಮಕ್ಕೆ ವಿಶ್ರಾಂತಿಯಿಲ್ಲ. ಶುಭಚಂದ್ರಾಚಾರ್ಯರು ಜ್ಞಾನಾರ್ಣವದಲ್ಲಿ ಮೌನವನ್ನು ಹೊಗಳಿದವರೇ ಆದರೂ, ಧರ್ಮಕ್ಕೆ ಹಾನಿ ಬಂದಾಗ, ಸತ್ಕ್ರಿಯೆ ಕೆಡುವಾಗ, ಸಿದ್ಧಾಂತದ ಅರ್ಥ ತಿರುಚಲ್ಪಡುವಾಗ, ಯಾರೂ ಕೇಳದಿದ್ದರೂ ಮಾತನಾಡಬೇಕೆಂದು ವಿಧಿಸಿದ್ದಾರೆ. ದೇವದ್ರವ್ಯದ ಲೆಕ್ಕ ತಪ್ಪಿದಾಗ ಆಡಳಿತ ಸಮಿತಿಯ ಸದಸ್ಯನು ಸುಮ್ಮನಿದ್ದರೆ ಅದನ್ನು ವಚನಗುಪ್ತಿಯೆಂದು ಯಾರೂ ಕರೆಯಲಾರರು.

ಹಾಗಾದರೆ ಮೌನದಿಂದ ದೊರೆಯುವ ವಿಶ್ರಾಂತಿ ಯಾವುದು? ಅದು ನಿದ್ರೆಯಂತಹ ಮರೆವಲ್ಲ. ಮರೆವನ್ನು ನಮ್ಮ ಶಾಸ್ತ್ರ ಸಾಮಾಯಿಕದ ಐದು ಅತಿಚಾರಗಳಲ್ಲಿ ಒಂದನ್ನಾಗಿ ಎಣಿಸಿದೆ. ಏನನ್ನೋ ಸಮರ್ಥಿಸಿಕೊಳ್ಳಬೇಕು, ಯಾರಿಗೋ ತೋರಿಸಿಕೊಳ್ಳಬೇಕು, ಯಾವುದಕ್ಕೋ ಪ್ರತಿಕ್ರಿಯಿಸಬೇಕು ಎಂಬ ಸಂರಂಭಗಳ ಹೊರೆಯನ್ನು ಕೆಳಗಿಳಿಸಿದಾಗ ಉಂಟಾಗುವ ಹಗುರವೇ ಆ ವಿಶ್ರಾಂತಿ. ಕಾಯೋತ್ಸರ್ಗದಲ್ಲಿ 27 ಉಚ್ಛ್ವಾಸಗಳಲ್ಲಿ 9 ಸಲ ಣಮೋಕಾರವನ್ನು ನೆನೆಯುವ ಕ್ರಮವುಂಟು. ಒಂದೊಂದು ಮಂತ್ರಕ್ಕೆ ಮೂರು ಉಸಿರು. ಆ ಅಳತೆಗೆ ಉಸಿರು ಹೊಂದಿಕೊಂಡಾಗ ಹೊರಗೆ ಸದ್ದಿದ್ದರೂ ಅದಕ್ಕೆ ಉತ್ತರಿಸಬೇಕಾದವನು ಒಳಗಿಲ್ಲ. ಕೇಳುತ್ತದೆ, ತಿಳಿಯುತ್ತದೆ, ಹಾದುಹೋಗುತ್ತದೆ. ತಾನು ಜ್ಞಾತೃ, ದ್ರಷ್ಟೃ ಮಾತ್ರನೆಂಬ ಆತ್ಮನ ಸ್ವಭಾವವನ್ನು ಗೃಹಸ್ಥನೂ ಕ್ಷಣಕಾಲ ಸವಿಯಬಹುದಾದರೆ ಅದು ಇಲ್ಲಿಯೇ.

ಇದಕ್ಕೆ ಮನೆಗಳಲ್ಲಿ ಆಗಬೇಕಾದುದು ಹೆಚ್ಚೇನೂ ಇಲ್ಲ. ಮುನಿಗಳು ದಿನಕ್ಕೆ ಒಂದೇ ಸಲ, ನಿಂತು, ಮೌನದಿಂದ ಆಹಾರ ಸ್ವೀಕರಿಸುವುದನ್ನು ನಾವೆಲ್ಲ ನೋಡಿದ್ದೇವೆ. ಅದರ ಅಣುಮಾತ್ರವಾದ ಆಚರಣೆಯಾಗಿ, ಸೂರ್ಯಾಸ್ತದ ಮೊದಲಿನ ಊಟವನ್ನಾದರೂ ಮೊಬೈಲಿಲ್ಲದೆ, ಮಾತಿಲ್ಲದೆ ಮುಗಿಸಬಹುದು. ಸಂಜೆಯ 48 ನಿಮಿಷ ಮನೆಯ ಎಲ್ಲ ಮೊಬೈಲುಗಳೂ ಒಂದೇ ಪೆಟ್ಟಿಗೆಯಲ್ಲಿರಲಿ. ಮಕ್ಕಳಿಗೆ ಆಜ್ಞೆ ಮಾಡುವುದಕ್ಕಿಂತ ಹಿರಿಯರದು ಮೊದಲು ಒಳಗೆ ಹೋಗುವುದು ಮೇಲು.

ಬಸದಿಗಳ ಆಡಳಿತ ವಹಿಸಿದವರಲ್ಲಿಯೂ ಒಂದು ವಿಜ್ಞಾಪನೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಅಹಿಂಸಾಧರ್ಮದವರು ಸರಕಾರದ ನಿಯಮದಷ್ಟಕ್ಕೇ ನಿಲ್ಲಬೇಕಾಗಿಲ್ಲ. ನಿತ್ಯಪೂಜೆಗೆ ಧ್ವನಿವರ್ಧಕ ಅಗತ್ಯವೇ ಎಂದು ಸಮಿತಿಗಳು ಯೋಚಿಸಲಿ. ಪ್ರವೇಶದ್ವಾರದಲ್ಲಿ ಪಾದರಕ್ಷೆಗಳಿಗೆ ಸ್ಥಳವಿರುವಂತೆ ಮೊಬೈಲುಗಳಿಗೂ ಒಂದು ಬೀಗದ ಕಪಾಟಿರಲಿ. ದಿನದಲ್ಲಿ ಒಂದು ಹೊತ್ತು, ಯಾರು ಬಂದು ಕುಳಿತರೂ ಯಾರೂ ಮಾತನಾಡಿಸದಿರುವ ಒಂದು ಮೂಲೆ ಪ್ರತಿಯೊಂದು ಬಸದಿಯಲ್ಲಿಯೂ ಇರಲಿ. ಹೊಸ ಕಟ್ಟಡಕ್ಕೆ ಬೇಕಾಗುವ ಧನ ಇದಕ್ಕೆ ಬೇಕಾಗದು.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಬಾಹುಬಲಿಸ್ವಾಮಿಯು ಸಾವಿರ ವರ್ಷಗಳಿಗೂ ಮಿಕ್ಕು ನಿಂತಿದ್ದಾನೆ. ಕೆಳಗೆ ರಾಜ್ಯಗಳು ಬದಲಾದವು, ಭಾಷೆಗಳ ರೂಪ ಬದಲಾಯಿತು, ಮಹಾಮಸ್ತಕಾಭಿಷೇಕಗಳಲ್ಲಿ ಲಕ್ಷಾಂತರ ಜನರ ಕೋಲಾಹಲವೂ ಆಯಿತು. ಆ ಮುಖದ ಶಾಂತಿಗೆ ಯಾವುದೂ ಕುಂದು ತರಲಿಲ್ಲ. ಒಂದು ಸಂವತ್ಸರದ ಪ್ರತಿಮಾಯೋಗ ನಮ್ಮಿಂದಾಗದು. ಆದರೆ ಅಹೋರಾತ್ರಿಗೆ 30 ಮುಹೂರ್ತಗಳು. ಇಪ್ಪತ್ತೊಂಬತ್ತನ್ನು ಲೋಕವು ಕೇಳಿದರೆ ಕೊಡೋಣ; ಒಂದನ್ನು ಆತ್ಮಕ್ಕಾಗಿ ಉಳಿಸಿಕೊಳ್ಳುವ ದೃಢತೆ ಎಲ್ಲ ಶ್ರಾವಕ ಶ್ರಾವಿಕೆಯರಿಗೂ ಪ್ರಾಪ್ತವಾಗಲಿ.