ಗುರುಗಳೂ ಗೇಮ್ ಆಡಿದರು

ಮಕ್ಕಳೇ, ನಿಮ್ಮ ಗುರುಗಳು, ಅಕ್ಕೋರು ವಿಡಿಯೋ ಗೇಮ್ ಆಡುವುದನ್ನು ಎಂದಾದರೂ ಕಂಡಿದ್ದೀರಾ? "ಮೊಬೈಲ್ ಕೆಳಗಿಡು, ಪುಸ್ತಕ ಹಿಡಿ" ಎಂದು ಗದರುವವರೇ ಗೇಮ್ ಆಡಲು ಕುಳಿತರೆ ಹೇಗಿರುತ್ತದೆ? ಮಲಪ್ರಭಾ ನದಿಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ನಾನು ನಡೆಸಿದ ಒಂದು ತರಬೇತಿಯಲ್ಲಿ ಸುತ್ತಲಿನ ಊರುಗಳ ಇಪ್ಪತ್ತೆರಡು ಶಿಕ್ಷಕರು ಇಡೀ ದಿನ ಆಟವನ್ನೇ ಆಡಿದರು. ವಿಷಯ ಮಾತ್ರ ಗಂಭೀರವಾದದ್ದು: ಸೈಬರ್ ಸುರಕ್ಷತೆ. ಅಂದರೆ ಮೊಬೈಲ್, ಕಂಪ್ಯೂಟರ್, ಇಂಟರ್ನೆಟ್ ಬಳಸುವಾಗ ನಮ್ಮ ಹಣವನ್ನೂ ಗುಟ್ಟನ್ನೂ ಕಾಪಾಡಿಕೊಳ್ಳುವ ವಿದ್ಯೆ.

ಇದಕ್ಕೆ ಆಟವೇ ಏಕೆ? ಬೀಗ ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಒಮ್ಮೆ ಅದನ್ನು ಮುರಿಯಲು ಯತ್ನಿಸಬೇಕು. ನಿಜವಾದ ಬೀಗ ಮುರಿದರೆ ಅಪರಾಧ, ಆಟದಲ್ಲಿ ಮುರಿದರೆ ಪಾಠ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ 2013ರಲ್ಲಿ ಶಾಲಾ ಮಕ್ಕಳಿಗಾಗಿ 'ಪಿಕೋ ಸಿಟಿಎಫ್' ಎಂಬ ಇಂಥದೇ ಆಟವನ್ನು ಆರಂಭಿಸಿತು. ಅಲ್ಲಿಯೇ 2014ರಲ್ಲಿ ಶುರುವಾದ 'ಜೆನ್‌ಸೈಬರ್' ಶಿಬಿರಗಳಲ್ಲಿ ಮಕ್ಕಳ ಜೊತೆಗೆ ಶಿಕ್ಷಕರಿಗೂ ತರಬೇತಿ ದೊರೆಯಿತು.

ನಮ್ಮಲ್ಲಿ ಅಂದು ನಡೆಯುತ್ತಿದ್ದದ್ದು ಮೂರೇ ಕಂಪ್ಯೂಟರು. ಅವುಗಳಲ್ಲಿ ಗೂಗಲ್ ಸಂಸ್ಥೆ 2017ರಲ್ಲಿ ಹೊರತಂದ 'ಇಂಟರ್‌ಲ್ಯಾಂಡ್' ಎಂಬ ಆಟ ತೆರೆದೆವು. ಅದರಲ್ಲಿ ನಾಲ್ಕು ಲೋಕಗಳು. ಒಂದರಲ್ಲಿ ನಿಧಿಯ ಗೋಪುರವಿದೆ. ಹಿಂದೆ ಬೆನ್ನಟ್ಟಿ ಬರುವ ಕಳ್ಳನಿಂದ ತಪ್ಪಿಸಿಕೊಳ್ಳುತ್ತ, ಅಕ್ಷರಗಳನ್ನು ಆಯ್ದುಕೊಳ್ಳುತ್ತ ಓಡಬೇಕು. ಗಟ್ಟಿಯಾದ ಪಾಸ್‌ವರ್ಡ್ ಯಾವುದೆಂದು ಆರಿಸಿ ಕೋಟೆ ಕಟ್ಟಬೇಕು. ಜೀವನದಲ್ಲಿ ಮೊದಲ ಸಲ ಗೇಮ್ ಆಡಿದ ಹಿರಿಯ ಅಕ್ಕೋರೊಬ್ಬರು ಕಳ್ಳನ ಕೈಗೆ ಸಿಕ್ಕಾಗ, "ಅಯ್ಯ, ಇಂವಾ ಎಲ್ಲಿಂದ ಬಂದ್ನೋ!" ಎಂದು ಕೂಗಿದರು. ಕೋಣೆಯೆಲ್ಲ ನಗು.

ಗಟ್ಟಿ ಪಾಸ್‌ವರ್ಡ್ ಎಂದರೆ ಯಾವುದು? ಇದು ನಿಮ್ಮ ಗಣಿತದ ಪ್ರಶ್ನೆ. ನಾಲ್ಕು ಅಂಕಿಯ ಪಿನ್ ತೆಗೆದುಕೊಳ್ಳಿ. ಪ್ರತಿ ಸ್ಥಾನದಲ್ಲಿ 0ಯಿಂದ 9ರವರೆಗೆ ಹತ್ತು ಅಂಕಿಗಳಲ್ಲಿ ಯಾವುದೂ ಇರಬಹುದು. ಹತ್ತನ್ನು ನಾಲ್ಕು ಸಲ ಗುಣಿಸಿದರೆ 10,000 ಪಿನ್‌ಗಳು. ಆದರೆ ಹುಟ್ಟಿದ ದಿನಾಂಕ, ತಿಂಗಳನ್ನೇ ಪಿನ್ ಮಾಡಿಕೊಂಡರೆ? ವರ್ಷದಲ್ಲಿ ಹೆಚ್ಚೆಂದರೆ 366 ದಿನ! ಕಳ್ಳನ ಕೆಲಸ ಎಷ್ಟು ಹಗುರವಾಯಿತು ನೋಡಿ. ಇನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳ ಪಾಸ್‌ವರ್ಡಿಗೆ ಬರೋಣ. ಎಂಟು ಅಕ್ಷರಗಳಾದರೆ ಸುಮಾರು 20,882 ಕೋಟಿ ಜೋಡಣೆಗಳಾಗುತ್ತವೆ. ಬಹಳ ಅನ್ನಿಸುತ್ತದೆ, ಅಲ್ಲವೇ? ಸೆಕೆಂಡಿಗೆ ನೂರು ಕೋಟಿ ಊಹೆ ಮಾಡುವ ಯಂತ್ರಕ್ಕೆ ಅವನ್ನೆಲ್ಲ ಮುಗಿಸಲು ನಾಲ್ಕು ನಿಮಿಷವೂ ಬೇಡ. ಹನ್ನೆರಡು ಅಕ್ಷರಗಳಾದರೆ ಅದೇ ಯಂತ್ರಕ್ಕೆ ಮೂರು ವರ್ಷ ಬೇಕು. ಹದಿನಾರಾದರೆ ಹದಿಮೂರು ಲಕ್ಷ ವರ್ಷಕ್ಕೂ ಹೆಚ್ಚು! ಉದ್ದವಾದಷ್ಟೂ ಗಟ್ಟಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಸೇರಿಸಿದರೆ ಉದ್ದವೂ ಆಗುತ್ತದೆ, ನೆನಪೂ ಉಳಿಯುತ್ತದೆ. ಗಾದೆ, ಹಾಡಿನ ಸಾಲು ಮಾತ್ರ ಬೇಡ. ಅವು ಕಳ್ಳನಿಗೂ ಬಾಯಿಪಾಠ.

ಮೂರು ಕಂಪ್ಯೂಟರಿಗೆ ಇಪ್ಪತ್ತೆರಡು ಜನ ಎಂದರೆ ಉಳಿದವರು ಏನು ಮಾಡಬೇಕು? ಅವರಿಗೆ ಚೀಟಿಯ ಆಟ ಕೊಟ್ಟೆ. ನನಗಂತೂ ಇದೇ ಹೆಚ್ಚು ಇಷ್ಟ, ವಿದ್ಯುತ್ ಹೋದರೂ ನಿಲ್ಲುವುದಿಲ್ಲ. ಒಬ್ಬರು ನಾಲ್ಕು ಅಂಕಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮುಚ್ಚಿಡಬೇಕು, ಜೊತೆಯವರು ಊಹಿಸಬೇಕು. ಮೊದಲ ಸುತ್ತಿನಲ್ಲಿ ಉತ್ತರ "ಹೌದು" ಅಥವಾ "ಅಲ್ಲ", ಅಷ್ಟೇ. ಹತ್ತು ನಿಮಿಷವಾದರೂ ಹೆಚ್ಚಿನವರಿಗೆ ಸಿಗಲಿಲ್ಲ. ಸಿಕ್ಕದ್ದು ಎರಡು ಜೋಡಿಗೆ ಮಾತ್ರ. ಒಬ್ಬರು 1947 ಎಂದು ಬರೆದಿದ್ದರು, ಇನ್ನೊಬ್ಬರು ತಾವು ಹುಟ್ಟಿದ ವರ್ಷ! ಎರಡನೆಯ ಸುತ್ತಿನಲ್ಲಿ ನಿಯಮ ಬದಲಿಸಿದೆವು. ಯಾವ ಸ್ಥಾನದ ಅಂಕಿ ಸರಿ, ಯಾವುದು ತಪ್ಪು ಎಂದು ಹೇಳಬೇಕು. ಈಗ 0000, 1111, 2222 ಎಂದು ಕೇಳುತ್ತ ಹೋಗಿ. ಹೆಚ್ಚೆಂದರೆ ಹತ್ತೇ ಪ್ರಯತ್ನದಲ್ಲಿ ಬೀಗ ತೆರೆಯುತ್ತದೆ. ಗೆಳೆಯರೊಡನೆ ಆಡಿ ನೋಡಿ. ಹತ್ತು ಸಾವಿರದ ಬೀಗ ಹತ್ತಕ್ಕೆ ಇಳಿದದ್ದು ಹೇಗೆ? ಬೀಗ ದುರ್ಬಲವಾಗಲಿಲ್ಲ, ಬಾಯಿಬಿಟ್ಟಿತು. ಅದಕ್ಕೇ ಬ್ಯಾಂಕಿನ ಯಂತ್ರ ಎಂದೂ "ಮೂರನೆಯ ಅಂಕಿ ತಪ್ಪು" ಎಂದು ಹೇಳುವುದಿಲ್ಲ.

ಬಾಯಿಬಿಡುವುದೆಂದರೆ ನಮ್ಮ ಪಕ್ಕದ ಕಿತ್ತೂರೇ ನೆನಪಾಗುತ್ತದೆ. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೈನ್ಯ ಥ್ಯಾಕರೆಯ ಪಡೆಯನ್ನು ಸೋಲಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ಒಳಗಿನವರೇ ಮದ್ದಿನ ಪುಡಿಗೆ ಸಗಣಿ ಬೆರೆಸಿದರೆಂಬ ಕಥೆಯನ್ನು ನೀವು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿರುತ್ತೀರಿ. ಇಂದಿನ ಸೈಬರ್ ಕಳ್ಳರಲ್ಲೂ ಬಹುಪಾಲು ಜನ ಗೋಡೆ ಒಡೆಯಲು ಹೋಗುವುದಿಲ್ಲ. ನಂಬಿಕೆಯವರಂತೆ ನಟಿಸಿ, ನಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾರೆ. ಇಂಟರ್‌ಲ್ಯಾಂಡಿನಲ್ಲಿ ಇದಕ್ಕೂ ಒಂದು ಲೋಕವಿದೆ. ಅದು ಒಂದು ನದಿ. ಯಾವ ಸಂದೇಶ ನಿಜ, ಯಾವುದು ಮೋಸ ಎಂದು ಸರಿಯಾಗಿ ಹೇಳುತ್ತ ದಾಟಬೇಕು.

ಇಲ್ಲಿ ಒಬ್ಬ ಅಕ್ಕೋರು ಎದ್ದು ನಿಂತರು. "ಸರ್, ಗೇಮಿನ ಚಟಾ ಬಿಡಸ್ರಿ ಅಂತ ತಂದಿ ತಾಯಿ ನಮ್ಮ ಹತ್ರ ಬರ್ತಾರ. ನೀವು ನೋಡಿದ್ರ ಗೇಮಿನಾಗ ಪಾಠಾ ಮಾಡ್ರಿ ಅಂತೀರಲ್ರಿ?" ಅವರ ಮಾತಿನಲ್ಲಿ ಹುರುಳಿತ್ತು. ಗೇಮಿನಲ್ಲಿ ಇನ್ನೂ ಒಂದು ಕೊರತೆಯಿದೆ. ನದಿಗೆ ಬಿದ್ದರೆ ಮತ್ತೆ ದಂಡೆಗೆ ಬಂದು ಆಡಬಹುದು. ಬ್ಯಾಂಕಿನ ಖಾತೆಯಲ್ಲಿ ಹಾಗಾಗುವುದಿಲ್ಲ. ಬಿದ್ದವನ ಭಯವನ್ನಂತೂ ಯಾವ ಗೇಮೂ ತೋರಿಸುವುದಿಲ್ಲ.

ಆ ಭಯದ ಕಥೆಯನ್ನು ಮತ್ತೊಬ್ಬ ಶಿಕ್ಷಕರು ಹೇಳಿದರು. ಹುಡುಗನ ಹೆಸರು, ಊರು ನಮಗೆ ಬೇಡ. ಏಳನೆಯ ತರಗತಿ. ಅಪ್ಪನ ಮೊಬೈಲಿನಲ್ಲಿ ಗೇಮ್ ಆಡುತ್ತಿದ್ದ. ಆಟದೊಳಗೆ ಪರಿಚಯವಾದ 'ಅಣ್ಣ'ನೊಬ್ಬ ದಿನವೂ ಜೊತೆಗೆ ಆಡಿ, ಇವನನ್ನು ಗೆಲ್ಲಿಸಿ ಸ್ನೇಹ ಬೆಳೆಸಿದ. ಒಂದು ದಿನ, "ಬಿಟ್ಟಿ ವಜ್ರ ಕೊಡ್ತೀನಿ. ಅಪ್ಪನ ಕಾರ್ಡಿನ ಫೋಟೋ ಕಳಿಸು, ಮೊಬೈಲಿಗೆ ಬರೋ ಆರು ಅಂಕಿ ಹೇಳು" ಎಂದ. ಹುಡುಗ ಹೇಳಿದ. ಕಬ್ಬಿನ ಬಿಲ್ಲಿನ ಹಣ ಹೋಯಿತು. ಹಣ ಕಡಿತವಾದ ಸಂದೇಶ ಬಂದಾಗ ಹುಡುಗ ಅದನ್ನು ಅಳಿಸಿಬಿಟ್ಟ. ಅಪ್ಪ ಹೊಡೆದಾರು ಎಂದು ಮೂರು ದಿನ ಯಾರಿಗೂ ಹೇಳಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ನಾಲ್ಕನೆಯ ದಿನ ಅಪ್ಪ ಬ್ಯಾಂಕಿಗೆ ಹೋದಾಗಲೇ ವಿಷಯ ಹೊರಬಿದ್ದದ್ದು. ಅಷ್ಟರಲ್ಲಿ ಹಣ ಕೈಗೆ ಸಿಗದಷ್ಟು ದೂರ ಹೋಗಿತ್ತು.

ಮೂರು ದಿನ ಏಕೆ ಅಷ್ಟು ದೊಡ್ಡದು ಗೊತ್ತೇ? ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿಯುತ್ತದೆ. ಕಳ್ಳ ಅದನ್ನು ತೆಗೆದುಕೊಳ್ಳುವ ಮೊದಲೇ 1930 ಎಂಬ ಸಹಾಯವಾಣಿಗೆ ಕರೆ ಮಾಡಿದರೆ, ಹಣ ಸೇರಿದ ಬ್ಯಾಂಕಿಗೆ ಸುದ್ದಿ ಮುಟ್ಟಿ ಅದನ್ನು ಅಲ್ಲಿಯೇ ತಡೆಯುವ ಅವಕಾಶವಿರುತ್ತದೆ. ಹಳ್ಳಕ್ಕೆ ಒಡ್ಡು ಹಾಕಿದಂತೆ. ನೀರೆಲ್ಲ ಹರಿದುಹೋದ ಮೇಲೆ ಒಡ್ಡು ಹಾಕಿ ಏನು ಫಲ? ಆ ಹುಡುಗ ಮೊದಲ ದಿನವೇ ಬಾಯಿಬಿಟ್ಟಿದ್ದರೆ ಹಣ ಉಳಿಯುತ್ತಿತ್ತೋ ಏನೋ. ಮೋಸ ಹೋದದ್ದು ಅವನ ತಪ್ಪಲ್ಲ. ಮೋಸ ಮಾಡುವುದನ್ನೇ ಕಸುಬಾಗಿಸಿಕೊಂಡವರ ಮುಂದೆ ದೊಡ್ಡವರೂ ಸೋಲುತ್ತಾರೆ.

ಈ ಕಥೆ ಕೇಳಿದ ಮೇಲೆ ಶಿಕ್ಷಕರು ತಾವೇ ಒಂದು ಆಟ ಕಟ್ಟಿದರು. ನೀವು ಆಡುವ ಕೆರೆ-ದಡವೇ, ಹಳ್ಳಿಯ ಮಾತಿನಲ್ಲಿ ಕೆರಿ-ದಂಡಿ. ಅಂಗಳದಲ್ಲಿ ಸುಣ್ಣದ ಗೆರೆ. ಒಬ್ಬರು ಡಬ್ಬಿಯಿಂದ ಚೀಟಿ ತೆಗೆದು ಸಂದೇಶ ಓದುತ್ತಾರೆ. ನಿಜವಾದರೆ ದಡಕ್ಕೆ ಜಿಗಿಯಬೇಕು, ಮೋಸವಾದರೆ ಕೆರೆಗೆ. "ಕರೆಂಟ್ ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಸಂಪರ್ಕ ಕಡಿತ, ಕೂಡಲೇ ಈ ನಂಬರಿಗೆ ಕರೆ ಮಾಡಿ." ಎಲ್ಲರೂ ಕೆರೆಗೆ. "ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತಿರಿ." ಅರ್ಧ ಜನ ದಡದಲ್ಲೇ ಉಳಿದರು! ಹಣ ಕೊಡುವಾಗ ಮಾತ್ರ ಪಿನ್ ಬೇಕು, ಪಡೆಯಲು ಬೇಡ ಎಂಬುದು ಅವರಿಗೆ ಅಂದೇ ಗಟ್ಟಿಯಾದದ್ದು. ಮನೆಯಲ್ಲಿ ಇದನ್ನು ಹೇಳಿ.

ಬಳಿಕ ಒಂದು ಚೀಟಿ ಬಂತು. "ಅಪ್ಪಾ, ನನ್ನ ಮೊಬೈಲ್ ಕಳೆದಿದೆ. ಇದು ಗೆಳೆಯನ ನಂಬರ್. ತುರ್ತಾಗಿ ಎರಡು ಸಾವಿರ ಕಳಿಸು." ನಿಜವೂ ಇರಬಹುದು, ಸುಳ್ಳೂ ಇರಬಹುದು. ಹಲವರು ಗೆರೆಯ ಮೇಲೆಯೇ ನಿಂತರು. ಹಳೆಯ ಆಟದಲ್ಲಿ ಗೆರೆ ತುಳಿದವರು ಔಟ್. ಆದರೆ ಗೇಮಿನ ಬಗ್ಗೆ ತಕರಾರು ಎತ್ತಿದ ಅದೇ ಅಕ್ಕೋರು, "ಗೆರಿ ಮ್ಯಾಲ ನಿಂತವರು ಔಟ್ ಅಲ್ಲ. ಆದ್ರ ಯಾರನ್ನ ಕೇಳ್ತೀವಿ ಅಂತ ಹೇಳಬೇಕು" ಎಂದು ಹೊಸ ನಿಯಮ ಮಾಡಿದರು. "ಮಗನ ಹಳೇ ನಂಬರಿಗೆ ಫೋನ್ ಹಚ್ತೀನಿ" ಎಂದರು ಒಬ್ಬರು. "ಹಾಸ್ಟೆಲ್ಲಿನ ವಾರ್ಡನ್ನರನ್ನ ಕೇಳ್ತೀನಿ" ಎಂದರು ಮತ್ತೊಬ್ಬರು. ಇಬ್ಬರಿಗೂ ಅಂಕ ಸಿಕ್ಕಿತು.

ಈ ಆಟವನ್ನು ನಿಮ್ಮ ಶಾಲೆಯ ಅಂಗಳದಲ್ಲಿ ಆಡಲು ಒಂದು ಡಬ್ಬಿ, ಒಂದಿಷ್ಟು ಚೀಟಿ, ಒಂದು ಹಿಡಿ ಸುಣ್ಣ ಸಾಕು. ಚೀಟಿ ಬರೆಯುವಾಗ ನಿಜವಾದ ಸಂದೇಶಗಳನ್ನೂ ಬೆರೆಸಿ. ಎಲ್ಲವೂ ಸುಳ್ಳಾದರೆ ಎಲ್ಲರೂ ಕೆರೆಯಲ್ಲೇ ನಿಂತುಬಿಡುತ್ತಾರೆ, ಆಟ ಕೆಡುತ್ತದೆ.